ಗಾಳಿ ಹಾಕುವ ಕೈ

ನಮ್ಮ ಅಣ್ಣ ಧಾರವಾಡದಲ್ಲಿ ಹೆಸರುವಾಸಿ ಗಾಯಕ. ನಾನು ಶಾಲೆಯಲ್ಲಿ ಕಲಿಸುತ್ತಿದ್ದೆ; ಉಳಿದ ಹೊತ್ತೆಲ್ಲ ಅವನ ಹಾಡಿಗೆ ಹಾರ್ಮೋನಿಯಂ ಸಾಥ್ ಕೊಡುತ್ತ ಕಳೆಯಿತು. ಪೇಟಿ ಅನ್ನುವ ಈ ಹಾರ್ಮೋನಿಯಂನಲ್ಲಿ ಬಲಗೈ ನುಡಿಸುತ್ತದೆ, ಎಡಗೈ ಗಾಳಿ ಹಾಕುತ್ತದೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಣ್ಣನ ಮನೆಯಲ್ಲಿ ನನ್ನ ಪಾಡೂ ಅದೇ ಆಗಿತ್ತು.

ನಿವೃತ್ತಿಯಾದ ಮೇಲೆ ಬೈರಿದೇವರಕೊಪ್ಪದ ನನ್ನ ಮನೆಗೆ ಒಂದು ಪಿಯಾನೊ ತಂದೆ, ಕರೆಂಟಿನದು. ರಾಯಾಪುರದಿಂದ ಮಾಸ್ತರರು ಬಂದು ಕಲಿಸುತ್ತಾರೆ. ಸಣ್ಣಪುಟ್ಟವು ಕೈಗೆ ಬಂದಿದ್ದವು. ಒಂದು ದಿನ ಮೊಬೈಲಿನಲ್ಲಿ ಒಂದು ರಚನೆ ನುಡಿಸುವುದನ್ನು ನೋಡಿದೆ. ಅದರಲ್ಲಿ ಹಾಡೆಲ್ಲ ಎಡಗೈಯದು. ಬಲಗೈ ಸುಮ್ಮನೆ ಜೊತೆಗಿರುತ್ತದೆ. ಇದು ನನಗೆ ಬೇಕೇ ಬೇಕು ಅನ್ನಿಸಿತು.

ನಾನು ತರಿಸಿದ ಅದರ ಸ್ವರಲಿಪಿಯ ಹಾಳೆಗಳನ್ನು ಮಾಸ್ತರರು ನೋಡಿ ತಲೆ ಕೆರೆದುಕೊಂಡರು. “ಭಾಳ ಕಷ್ಟದ್ದರಿ ಮೇಡಂ ಇದು. ಸಣ್ಣವರಿದ್ದಾಗಿಂದ ಕಲ್ತವರಿಗೂ ಬೆವರ ಇಳಸ್ತದ. ಕೈ ಹಿಡಕೊಂಡ್ರ ಈಗ ಬರೂದನ್ನೂ ನುಡಸಾಕ ಆಗಂಗಿಲ್ಲ. ವಿಚಾರ ಮಾಡ್ರಿ.”

ವಿಚಾರ ಮಾಡಲು ಅಣ್ಣನ ಮನೆಗೆ ಹೋದೆ. ಅವನೊಮ್ಮೆ ‘ಮಾಡು’ ಅಂದರೆ ಸಾಕಿತ್ತು. ಶಿಷ್ಯರು ಚಹಾ ಕುಡಿಯುತ್ತ ಕೂತಿದ್ದರು. ಅವರೆದುರಿಗೇ ಅವನಿಗೆ ಎಡಗೈ ಹಾಡಿನ ಸಂಗತಿ ಹೇಳಿದೆ. “ಗಾಳಿ ಹಾಕೂದು ಬಿಟ್ರ ನಿನ್ನ ಎಡಗೈಗೆ ಏನ ಬರ್ತದ, ತಂಗಿ?” ಅಂದ. ಎಲ್ಲರೂ ನಕ್ಕರು. ಗುರು ನಕ್ಕ ಮೇಲೆ ಶಿಷ್ಯರು ನಗದೆ ಏನು ಮಾಡಿಯಾರು! ಅವನು ಹೇಳಿದ್ದು ನಿಜವೇ ಆಗಿತ್ತು, ಅದೇ ಸಂಕಟ. ಆ ಕೈಯನ್ನು ಹಾಗೆ ಪಳಗಿಸಿದವರು ಯಾರು ಎಂದು ಕೇಳಬೇಕಿತ್ತು. ಮನೆಗೆ ಬಂದು ಹಾಳೆಗಳನ್ನು ಕಪಾಟಿಗೆ ಸೇರಿಸಿದೆ.

ಮುಂದಿನ ವಾರ ಅವನ ಫೋನ್ ಬಂತು. “ರವಿವಾರ ಮನ್ಯಾಗ ಹಾಡಿನ ಬೈಠಕ್ ಅದ. ಪೇಟಿ ನುಡಸವರು ಬರಂಗಿಲ್ಲಂತ. ನೀ ಬಾ. ಹ್ಯಾಂಗೂ ಖಾಲಿನ ಇರ್ತಿ.”

“ಬರಂಗಿಲ್ಲಣ್ಣಾ,” ಅಂದೆ. ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಸುಳ್ಳು ಯಾಕೆ ಹೇಳಲಿ, ಬೈಠಕ್ ಕೆಡಲಿ, ನನ್ನ ಬೆಲೆ ತಿಳಿಯಲಿ ಎಂಬ ಆಸೆ ಹೊಟ್ಟೆಯಲ್ಲಿತ್ತು. ರವಿವಾರ ಸಂಜೆಯೆಲ್ಲ ಪಿಯಾನೊ ಮುಂದೆ ಕೂತೆ, ಮುಟ್ಟಲಿಲ್ಲ. ಕಿವಿ ಫೋನಿನ ಕಡೆಗೇ ಇತ್ತು. ಯಾರೂ ಕರೆಯಲಿಲ್ಲ.

ಮರುದಿನ ಅವನೇ ಫೋನ್ ಮಾಡಿದ, ಬಹಳ ಖುಷಿಯಲ್ಲಿದ್ದ. “ಶಿಷ್ಯಾ ಒಬ್ಬಾಂವ ಪೇಟಿ ನುಡಿಸಿದ. ಛಲೋ ಆತು. ಮನಸಿಗೆ ಹಚಗೋಬ್ಯಾಡ, ನೀ ಇಲ್ಲಂತ ಯಾರಿಗೂ ಗೊತ್ತ ಸೈತ ಆಗಲಿಲ್ಲ.”

ನನ್ನ ಸಮಾಧಾನಕ್ಕೆಂದೇ ಹಾಗೆ ಹೇಳಿದ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಆರಿಸಲೂ ಏಳಲಿಲ್ಲ. ಕೂತಲ್ಲೇ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಮಾಸ್ತರರಿಗೆ ಫೋನ್ ಹಚ್ಚಿ, ಆ ಕಷ್ಟದ್ದನ್ನೇ ಶುರು ಮಾಡೋಣ ಅಂದೆ.

“ಆತ್ರಿ ಮೇಡಂ. ಯಾರಿಗರೇ ಕೇಳಸೂದದ ಏನ್ರಿ?”

“ಯಾರಿಗೂ ಇಲ್ರಿ,” ಅಂದೆ. “ನಿನ್ನಿ ತನಕ ಒಬ್ರಿದ್ರು.”