ಮೇಷ್ಟ್ರು ಮುದ್ದೆ ಅಗಿದ ಕ್ಯಾಸೆಟ್ಟು

ಎದುರಿಗೆ ಯಾರು ಕೂತಿದ್ದಾರೆ ಎನ್ನುವುದರ ಮೇಲೆ ನಮ್ಮ ಕಡೆಯ ಜನರ ಮಾತು ಹೇಗೆ ಬದಲಾಗುತ್ತದೆ? ಎಂ.ಎ. ಎರಡನೇ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಇದು. ಎಂಬತ್ತರ ದಶಕದ ಮೊದಲ ವರ್ಷಗಳು. ಇಟ್ಟಿಗೆಯಷ್ಟು ತೂಕದ ಟೇಪ್ ರೆಕಾರ್ಡರನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಗುಬ್ಬಿ, ಕುಣಿಗಲ್ ಬಸ್ಸುಗಳಲ್ಲಿ ತಿರುಗಿದೆ.

ಗುಂಡಿ ಒತ್ತಿದ ಕೂಡಲೇ ಎಲ್ಲರೂ ರೇಡಿಯೋ ವಾರ್ತೆ ಓದುವವರಾಗಿಬಿಡುತ್ತಿದ್ದರು. ಕುಣಿಗಲ್ಲಿನ ಹೂವಿನಾಕೆ ತಾನು ಈ ದಿನ ಮಲ್ಲಿಗೆಯನ್ನು ಮಾರುತ್ತಿದ್ದೇನೆಂದು ತಿಳಿಸಿ, ಕೊನೆಗೆ ನಮಸ್ಕಾರವನ್ನೂ ಸೇರಿಸಿದರು. ಚೇಳೂರಿನ ನನ್ನ ಸೋದರತ್ತೆಯಂತೂ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದು ಕೂತರು. ಟೇಪಿನಲ್ಲಿ ಸೀರೆ ಕಾಣುವುದಿಲ್ಲ ಎಂದರೆ ನಂಬಲಿಲ್ಲ.

ತುಮಕೂರಿನಲ್ಲಿ ಮನೆ ಮಾಡಿದ್ದ ನನ್ನ ಮೇಷ್ಟ್ರು ಹುಟ್ಟಿ ಬೆಳೆದದ್ದು ಅನ್ನ ಉಣ್ಣುವ ಕರಾವಳಿಯಲ್ಲಿ. ಆರು ಕ್ಯಾಸೆಟ್ಟು ಕೇಳಿ ಆರನ್ನೂ ಹಿಂದಕ್ಕೆ ತಳ್ಳಿದರು. ಸೋಮವಾರದೊಳಗೆ ಅಸಲಿ ಮಾತು ತರದಿದ್ದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಪ್ರಬಂಧ ಮುಂದಿನ ವರ್ಷಕ್ಕೆ ಎಂದರು.

ಶನಿವಾರ ಮತ್ತೆ ಚೇಳೂರಿಗೆ ಹೋದೆ. ಅತ್ತೆ ಹುರುಳಿಕಾಳಿನ ಬಸ್ಸಾರು ಮಾಡುತ್ತಿದ್ದರು. ಚೀಲವನ್ನು ಒರಳಿನ ಪಕ್ಕ ಇಟ್ಟು, ಒಳಗೇ ಗುಂಡಿ ಒತ್ತಿ, ಸಾರಿಗೆ ಒಂದು ಚಮಚ ಸಕ್ಕರೆ ಹಾಕಲೇ ಎಂದು ಕೇಳಿದೆ.

ಅಷ್ಟು ಸಾಕಾಯಿತು. ನಮ್ಮಮ್ಮ ನನ್ನನ್ನು ಬೆಳೆಸಿದ ರೀತಿಯಿಂದ ಶುರುವಾದ ಬೈಗುಳ ಹಾಸ್ಟೆಲಿನ ನೀರು ಸಾರನ್ನು ದಾಟಿ ಮೇಷ್ಟ್ರ ಹತ್ತಿರ ಬಂದು ನಿಂತಿತು. ಹಿಂದಿನ ತಿಂಗಳು ಅವರು ನನ್ನ ಕೆಲಸ ನೋಡಲು ಬಂದು ಅಲ್ಲೇ ಊಟ ಮಾಡಿದ್ದರು. ತಾವು ಏನೂ ಉಣ್ಣಲೇ ಇಲ್ಲ ಸ್ವಾಮಿ ಎಂದು ಅತ್ತೆ ಬಾಗಿ ಬಾಗಿ ಬಡಿಸಿದ್ದರು.

"ನಿಂಗೆ ಕಲ್ಸೋ ಅವಯ್ಯನೇ ಹಂಗವ್ನೆ, ಇನ್ನು ನಿನ್ನೇನ್ ಅನ್ನಾದು," ಎಂದರು ಈಗ. "ಮುದ್ದೆ ನುಂಗಾದು ಕಣೇ. ಅವಯ್ಯ ಎಮ್ಮೆ ಮೆಲುಕು ಹಾಕ್ದಂಗೆ ಅಗೀತಾ ಕುಂತಿದ್ದ. ಒಳೀಕ್ ಹೋಗಿ ಸೆರಗು ಬಾಯಿಗಿಟ್ಕಂಡು ನಕ್ಕಿದ್ದು ನಂಗೇ ಗೊತ್ತು."

ಅಷ್ಟರಲ್ಲಿ ಕ್ಯಾಸೆಟ್ಟು ಮುಗಿದು ಚೀಲದೊಳಗೆ ಟಕ್ಕೆಂದಿತು. ಅತ್ತೆ ಚೀಲವನ್ನು ನೋಡಿದರು, ಆಮೇಲೆ ನನ್ನನ್ನು. ತಪ್ಪು ಒಪ್ಪಿಕೊಂಡೆ. ಅಳಿಸಿದರೆ ಸೋಮವಾರಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ, ಅಳಿಸದಿದ್ದರೆ ಸಹಿ ಹಾಕಬೇಕಾದವರೇ ಎಮ್ಮೆ. ಏನು ಮಾಡಲಿ, ನೀವೇ ಹೇಳಿ ಎಂದೆ. ಅತ್ತೆ ಸಾರಿನ ರುಚಿ ನೋಡಿ, ಒಂದು ಚಿಟಿಕೆ ಉಪ್ಪು ಹಾಕಿದರು.

"ಸುಳ್ಳೇನಾರ ಹೇಳಿದೀನಾ? ತಗಂಡೋಗು ಬುಡು."

ಸೋಮವಾರ ಮೇಷ್ಟ್ರ ನಡುಮನೆಯಲ್ಲಿ ಕ್ಯಾಸೆಟ್ಟು ಓಡಿತು. ಅವರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಎಮ್ಮೆ ಬಂದಾಗ ಪೆನ್ಸಿಲ್ಲು ನಿಂತಿತು. ಅಡುಗೆಮನೆಯಿಂದ ಅವರ ಹೆಂಡತಿಯ ನಗು ಕೇಳಿಸಿತು. ನಾನು ಗಾರೆ ನೆಲದ ಬಿರುಕೊಂದನ್ನು ಗೋಡೆಯವರೆಗೂ ಕಣ್ಣಲ್ಲೇ ಹಿಂಬಾಲಿಸಿದೆ.

ಮೇಷ್ಟ್ರು ಟೇಪನ್ನು ಹಿಂದಕ್ಕೆ ಸುತ್ತಿ ಅದೇ ಜಾಗವನ್ನು ಇನ್ನೊಮ್ಮೆ ಕೇಳಿದರು. ಬಡಿಸುವಾಗ ಸ್ವಾಮಿ, ಬೆನ್ನ ಹಿಂದೆ ಅವಯ್ಯ. ನಿನ್ನ ಪ್ರಬಂಧ ಪೂರ್ತಿ ಇಲ್ಲೇ ಇದೆ ಎಂದು ಮೊದಲ ಪುಟಕ್ಕೆ ಸಹಿ ಹಾಕಿದರು. ಕಾಗದ ಕೊಡುವ ಮುಂಚೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಅಲ್ಲ ಮಾರಾಯ್ತಿ, ಅದನ್ನು ಅಗಿಯದೆ ನುಂಗುವುದು ಹೇಗೆ?"