ಬಾಣಂತಿ ಮನೆಗೆ ಬ್ಯಾಟರಿ ಗಾಡಿ

ಯಲಹಂಕದ ಪಕ್ಕದ ಅಟ್ಟೂರಿನಲ್ಲಿ ಹೆರಿಗೆಯಾದ ಮನೆಯವರಿಗೆ ಮೊದಲು ನೆನಪಾಗುತ್ತಿದ್ದ ಹೆಸರು ರಾಮಲಕ್ಷ್ಮಮ್ಮನದು. ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುವುದು, ಸಾಂಬ್ರಾಣಿ ಹೊಗೆ ಹಾಕಿ ತೊಟ್ಟಿಲಿಗೆ ಸೇರಿಸುವುದು ಅತ್ತೆಯಿಂದ ಅವಳಿಗೆ ಬಂದ ಕಸುಬು. ಹೊಲಗಳೆಲ್ಲ ಲೇಔಟಾದ ಮೇಲೆ ಕಸುಬೇನೂ ಕಡಿಮೆಯಾಗಲಿಲ್ಲ. ಬಾಯಿಂದ ಬಾಯಿಗೆ ಹೆಸರು ಹಬ್ಬಿ, ಹೆಬ್ಬಾಳದಾಚೆಯ ಗಂಗಾನಗರದಿಂದಲೂ ಕರೆ ಬರತೊಡಗಿತು.

ತೊಂದರೆ ಇದ್ದದ್ದು ದಾರಿಯಲ್ಲಿ. ಅವಳ ಮನೆಯಿಂದ ಯಲಹಂಕದ ಬಸ್ ಸ್ಟಾಪಿಗೆ ನಡೆದೇ ಹೋಗಬೇಕು. ಬೆಳಗಿನ ಹೊತ್ತು ಆಟೋದವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಂದು ದಿನ ಬಸ್ಸು ತಪ್ಪಿ, ಗಂಗಾನಗರದ ತಾಹೆರಾಳ ಮನೆ ಮುಟ್ಟುವಷ್ಟರಲ್ಲಿ ತಾಹೆರಾಳ ಮೊಮ್ಮಗು ಹಸಿದು ಅತ್ತು, ಹಾಲು ಕುಡಿದು ನಿದ್ದೆ ಹೋಗಿತ್ತು. ಹೊಟ್ಟೆ ತುಂಬಿದ ಕೂಸಿಗೆ ನೀರೆರೆಯುವ ಹಾಗಿಲ್ಲ.

"ಪರವಾಗಿಲ್ಲ ಅಮ್ಮಾ, ನಾಳೆ ಸ್ವಲ್ಪ ಬೇಗ ಬನ್ನಿ," ಎಂದಳು ತಾಹೆರಾ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ರಾಮಲಕ್ಷ್ಮಮ್ಮನಿಗೆ.

ಮಗಳು ಸುಮಾ ಮದುವೆಗೆ ಮುಂಚೆ ಓಡಿಸುತ್ತಿದ್ದ ಪುಟ್ಟ ಎಲೆಕ್ಟ್ರಿಕ್ ಸ್ಕೂಟರ್ ಹಿತ್ತಲಲ್ಲಿ ಧೂಳು ತಿನ್ನುತ್ತಿತ್ತು. ನಿಧಾನದ ಗಾಡಿ, ಲೈಸೆನ್ಸಿನ ಗೊಡವೆಯಿಲ್ಲ. ಅಂದೇ ಅದನ್ನು ತೊಳೆಸಿ, ಹೊಸ ಬ್ಯಾಟರಿ ಹಾಕಿಸಿದಳು.

"ಈ ವಯಸ್ನಾಗೆ ನಿಂಗ್ಯಾಕಮ್ಮಿ ಇದು? ಬಿದ್ದು ಕೈಕಾಲು ಮುರ್ಕಂಡ್ರೆ?" ಎಂದ ಗಂಡ ಚಿಕ್ಕಮಾರಯ್ಯ.

"ಎಣ್ಣೆ ಅಚ್ಚಿದ ಕೂಸ್ನೇ ಜಾರ್ದಂಗೆ ಇಡ್ಕಂತೀನಿ. ಈ ಹ್ಯಾಂಡಲ್ ಇಡ್ಯಕ್ಕೆ ಬರಾಕಿಲ್ವಾ?"

ಖಾಲಿ ಸೈಟಿನಲ್ಲಿ ಕಲಿತಳು. ಒಮ್ಮೆ ಬೇಲಿಗೆ ನುಗ್ಗಿ ಸೀರೆ ಹರಿದುಕೊಂಡಳು. ಕೈ ಕುದುರಿದ ಮೇಲೆ, ಇನ್ನು ಬಸ್ಸಿನ ಹಂಗೇ ಬೇಡವೆಂದು ನೇರ ಗಂಗಾನಗರಕ್ಕೇ ಹೊರಟಳು. ಹೆಬ್ಬಾಳದ ಫ್ಲೈಓವರಿನ ಏರು ಶುರುವಾಗುವಲ್ಲಿ ಗಾಡಿ ಗೊಣಗಿ ನಿಂತೇಬಿಟ್ಟಿತು. ಪಕ್ಕದಲ್ಲೇ ಏರ್‌ಪೋರ್ಟ್ ಟ್ಯಾಕ್ಸಿಗಳು ಭರ್‍ರೆಂದು ಹೋಗುತ್ತಿದ್ದವು.

ಟ್ರಾಫಿಕ್ ಪೊಲೀಸಿನವನೊಬ್ಬ ಓಡಿಬಂದ. "ಏನಮ್ಮಾ, ಇದ್ರಲ್ಲಿ ಫ್ಲೈಓವರ್ ಹತ್ತೋಕೆ ಬಂದ್ರಾ?"

"ಅತ್ತಾಕಿಲ್ಲ ಅಂತ ಈಗ ಗೊತ್ತಾಯ್ತಲ್ಲ ಸಾಮಿ. ಒಸಿ ತಳ್ಳಿ, ಅಲ್ಲಿ ಕೂಸು ಕಾಯ್ತದೆ."

ಅವನು ನಗುತ್ತಲೇ ತಳ್ಳಿಕೊಟ್ಟು, ಗಾಡಿಯನ್ನು ತಮ್ಮ ಚೌಕಿ ಪಕ್ಕ ನಿಲ್ಲಿಸಿಕೊಂಡ. ಅವಳು ಸಿಕ್ಕಿದ ಮೆಜೆಸ್ಟಿಕ್ ಬಸ್ಸು ಹತ್ತಿದಳು. ಗಾಡಿ ಸೋತ ಏರನ್ನು ಬಸ್ಸು ಒಂದೇ ಉಸಿರಿಗೆ ದಾಟಿತು. ಬಸ್ಸು ಬಾರದ ಅಟ್ಟೂರಿನ ಗಲ್ಲಿಗಳಲ್ಲಿ ಗಾಡಿ ಬೆಣ್ಣೆಯಂತೆ ಓಡುತ್ತಿತ್ತು. ಎರಡನ್ನೂ ಯಾಕೆ ಜಗಳಕ್ಕೆ ಬಿಡಬೇಕು ಅನ್ನಿಸಿತು ಅವಳಿಗೆ. ಅಂದು ತಾಹೆರಾಳ ಮೊಮ್ಮಗು ಹಸಿವೆಗೆ ಬಾಯಿ ತೆರೆಯುವ ಮೊದಲೇ ನೀರು ಹಾಕಿಸಿಕೊಂಡು ಮಲಗಿತು. ವಾಪಸು ಬರುವಾಗ ಅವಳು ಹೆಬ್ಬಾಳದಲ್ಲಿ ಇಳಿದು ಗಾಡಿ ತೆಗೆದುಕೊಂಡು ಬಂದಳು.

ಮಾರನೆಯ ದಿನದಿಂದ ಯಲಹಂಕದವರೆಗೆ ಗಾಡಿ, ಆಮೇಲೆ ಬಸ್ಸು. ಬಸ್ ಸ್ಟಾಪಿನ ಎದುರು ಬಳೆ ಅಂಗಡಿಯಿಟ್ಟಿದ್ದ ಅಕ್ಬರಿ, ಗಾಡಿ ನಿಲ್ಲಿಸಲು ಅಂಗಡಿ ಪಕ್ಕ ಜಾಗ ಕೊಟ್ಟಳು.

"ಬಾಡಿಗೆ ಗೀಡಿಗೆ ಬೇಡ ಕಣಕ್ಕಾ. ನನ್ ಸೊಸೆ ಬಾಣಂತಿ ಆದಾಗ ನೀನೇ ಬರ್ಬೇಕು, ಅಷ್ಟೇ."

"ಕರೀದಿದ್ರೂ ಬತ್ತೀನಿ, ಓಗೇ."

ಗಂಗಾನಗರ ಮುಗಿಸಿ, ಹಾಗೇ ಆರ್.ಟಿ. ನಗರದ ಇನ್ನೊಂದು ಮನೆಗೂ ಹೋಗಿ, ಊಟದ ಹೊತ್ತಿಗೆ ಮನೆ ಸೇರುತ್ತಿದ್ದಳು. ಗಾಡಿ ಪ್ಲಗ್ಗಿಗೆ ಸಿಕ್ಕಿಸಿ ಒಂದಿಷ್ಟು ಕಾಲು ಚಾಚಿ, ಸಂಜೆ ಅದೇ ಗಾಡಿಯಲ್ಲಿ ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳ ಬಾಣಂತಿಯರ ಮನೆಗಳಿಗೆ ಹೊರಡುತ್ತಿದ್ದಳು. ಮೊದಮೊದಲು ಮೂಗು ಮುರಿದ ಚಿಕ್ಕಮಾರಯ್ಯ, ಕ್ಷೌರಕ್ಕೋ ಔಷಧಿಗೋ ಯಲಹಂಕಕ್ಕೆ ಹೋಗಬೇಕಾದಾಗ ತಾನಾಗಿ ಬಂದು ಹಿಂದೆ ಕೂರತೊಡಗಿದ.

ಗಂಗಾನಗರದ ಬಾಣಂತನ ಮುಗಿದ ಮೇಲೆ ಒಂದು ಸಂಜೆ ತಾಹೆರಾ ಫೋನು ಮಾಡಿದಳು. ಯಶವಂತಪುರದಲ್ಲಿ ಅವಳ ನಾದಿನಿಯ ಮಗಳಿಗೆ ಹೆರಿಗೆಯಾಗಿತ್ತು, ಅವಳಿ ಮಕ್ಕಳು.

"ನಿಮಗೆ ದೂರ ಆಗುತ್ತೇನೋ ಅಮ್ಮಾ..."

"ಏನ್ ದೂರ ತಾಯಿ? ಯಲಹಂಕ ಟೇಸನ್ ಗಂಟ ಗಾಡಿ, ಅಲ್ಲಿಂದ ರೈಲು. ನೀರು ಕಾಯ್ಸಿ ಮಡಗಕ್ಕೇಳಿ, ಬೆಳಿಗ್ಗೆ ಬತ್ತೀನಿ."

ಫೋನಿಟ್ಟು, ಹರಳೆಣ್ಣೆ ಬಾಟಲಿಯನ್ನು ಚೀಲಕ್ಕೆ ಸೇರಿಸುತ್ತ, ಬೆಳಗಿನ ರೈಲು ಎಷ್ಟು ಹೊತ್ತಿಗೆಂದು ಗಂಡನನ್ನು ಕೇಳಿದಳು.