ನಲವತ್ತು ಹೆಜ್ಜೆ

ನಾನು ವಿಮಾನವಾಹಕ ನೌಕೆಯ ಡೆಕ್ಕಿನಲ್ಲಿ ಕೆಲಸ ಮಾಡಿದ ನಾವಿಕ. ಹತ್ತನೇ ತರಗತಿಯಷ್ಟೇ ಓದಿದವನು. ಇಳಿಯುವ ವಿಮಾನದ ಕೊಕ್ಕೆಯನ್ನು ಡೆಕ್ಕಿಗೆ ಅಡ್ಡ ಕಟ್ಟಿದ ಉಕ್ಕಿನ ವೈರ್ ಹಿಡಿದು ನಿಲ್ಲಿಸುತ್ತದೆ. ಆ ವೈರ್ ಮತ್ತೆ ತನ್ನ ಜಾಗಕ್ಕೆ ಬಂತೇ ಎಂದು ನೋಡಿ, ವಿಮಾನ ಇಳಿಸುವ ಅಧಿಕಾರಿಗೆ ಕೈಸನ್ನೆ ಕೊಡುವುದು ನನ್ನ ಕೆಲಸ. ಅದಕ್ಕೆ ಡೆಕ್ಕಿನ ಅಂಚಿನಲ್ಲಿ ಬಣ್ಣ ಬಳಿದ ಒಂದು ಜಾಗವಿತ್ತು.

ಆ ಮಧ್ಯಾಹ್ನ ಮೋಡ ಕಡಲಿಗೇ ತಾಗಿತ್ತು. ಒಂದು ವಿಮಾನ ಇಳಿದಿತ್ತು, ಇನ್ನೊಂದು ಕಡಿಮೆ ಇಂಧನದಲ್ಲಿ ಬರುತ್ತಿತ್ತು. ಮಳೆ ಮುಖಕ್ಕೆ ಚುಚ್ಚುತ್ತಿತ್ತು. ವಿಮಾನ ಎಳೆಯುವ ಟ್ರ್ಯಾಕ್ಟರಿನ ಮರೆಯಿಂದ, ನಮ್ಮೂರ ಕಡೆಯ ಯಡ್ತರೆಯ ಜೊತೆಗಾರ ಕರೆದ: “ಹ್ವಾಯ್, ಇಲ್ಲ್ ಬಾ ಮಾರಾಯಾ! ಇಲ್ಲಿಂದ ಕೈ ಎತ್ರೂ ಕಾಣತ್ತ್.”

ನಾನು ಕದಲಲಿಲ್ಲ. ಹಾಗಾಗಿ ಕಂಡಿತು: ವೈರ್ ಅರ್ಧದಲ್ಲಿ ಸಿಕ್ಕಿಕೊಂಡಿತ್ತು, ಬಿಡಿಸಲು ಒಬ್ಬ ಬಗ್ಗಿದ್ದ. ಎರಡೂ ಕೈ ಅಡ್ಡ ಹಿಡಿದೆ. ವಿಮಾನ ಇಳಿಯದೆ ನೆತ್ತಿಯ ಮೇಲೆ ಗುಡುಗಿ ಹೋಯಿತು. ಇನ್ನೊಂದು ಸುತ್ತು ಹಾಕಿ ಬಂದು ಕ್ಷೇಮವಾಗಿ ಇಳಿಯಿತು.

ಸಂಜೆ ಸಾಹೇಬರು ಎಲ್ಲರೆದುರು, “ಜಾಗ ಬಿಡದ ಮನುಷ್ಯ ಇವನು” ಎಂದರು.

ಆದರೆ ನಾನು ಹಿಂದೊಮ್ಮೆ ಜಾಗ ಬಿಟ್ಟವನು. ನಮ್ಮೂರು ನಾವುಂದದ ದಡದಲ್ಲಿ, ಮಳೆಗೆ ಕಡಲು ಕಾಣದಿದ್ದರೆ, ಬಂಡೆಗಳ ನಡುವಿನ ದಾರಿಗೆ ನೇರ ಒಬ್ಬ ನಿಂತು ಕೂಗುತ್ತಿದ್ದ. ದೋಣಿ ಆ ಕೂಗಿನ ಮೇಲೆ ಬರುತ್ತಿತ್ತು. ನೌಕಾಪಡೆ ಸೇರುವ ಹಿಂದಿನ ಮಳೆಗಾಲ ಅಣ್ಣ ಶೀನನ ದೋಣಿಗೆ ಕೂಗಬೇಕಾದವನು ನಾನು. ಮಳೆ ತಡೆಯಲಾರದೆ ನಲವತ್ತು ಹೆಜ್ಜೆ ಸರಿದು ಬಲೆ ಶೆಡ್ಡಿನೊಳಗಿಂದ ಕೂಗಿದೆ. ದೋಣಿ ಬಂಡೆಗೆ ಬಡಿದು ಒಡೆಯಿತು. ಐವರೂ ಈಜಿ ದಡ ಸೇರಿದರು. ಅಷ್ಟರಲ್ಲಿ ನಾನು ಓಡಿಹೋಗಿ ನನ್ನ ಜಾಗದಲ್ಲಿ ನಿಂತಿದ್ದೆ; ಸರಿದದ್ದು ಯಾರಿಗೂ ತಿಳಿಯಲಿಲ್ಲ.

“ನನ್ ಕೆಮಿಯೇ ತಪ್ತ್” ಎಂದ ಅಣ್ಣ, ಕಿವಿ ಹಿಡಿದುಕೊಂಡು. ಮತ್ತೆ ಚುಕ್ಕಾಣಿ ಮುಟ್ಟಲಿಲ್ಲ. ಊರವರು “ಕೆಪ್ಪ ಶೀನ” ಎಂದರೆ ತಾನೂ ನಗುತ್ತಿದ್ದ.

ಹನ್ನೊಂದು ವರ್ಷ ಸುಮ್ಮನಿದ್ದೆ. ಸಾಹೇಬರು ಹೊಗಳಿದ ಮೇಲಿನ ರಜೆಯಲ್ಲಿ ಊರಿಗೆ ಬಂದು, ಬಲೆ ಹೆಣೆಯುತ್ತಿದ್ದ ಅಣ್ಣನಿಗೆ ಎಲ್ಲ ಹೇಳಿದೆ. ಅವನ ಕೈ ನಿಂತಿತು.

“ಹಾಂಗಾರೆ ನನ್ ಕೆಮಿ ಸಮ ಇತ್ತಾ?”

“ಸಮ ಇತ್ತ್ ಅಣ್ಣ. ಸಮ ಇಲ್ದಿದ್ದದ್ ನಾನ್.”

ಕೈಲಿದ್ದ ಬಲೆಯನ್ನು ನನ್ನ ಮೇಲೆಸೆದ. “ಹನ್ನೊಂದ್ ವರ್ಷ ಕೆಮಿಗೆ ಎಣ್ಣೆ ಬಿಟ್ಕಂಡ್ ಕೂತಿದ್ನಲ್ಲಾ, ಹೆಡ್ಡ!” ಬೈಯುತ್ತಲೇ ಅವನ ಕಣ್ಣು ತುಂಬಿತು.

ವಾರದೊಳಗೆ ಚುಕ್ಕಾಣಿ ಹಿಡಿದು ಹೊರಟ. “ಮಳೆ ಬಂದ್ರೆ ನೀನೇ ಕೂಗ್ಕ್” ಎಂದ.

ಮಳೆ ಬಂತು. ಕಾಣದೆ ಬರುವವನು ನಂಬುವುದು ನಾವು ನಿಂತ ಜಾಗವನ್ನು ಎಂದು ಡೆಕ್ ನನಗೆ ಕಲಿಸಿತ್ತು. ಬಂಡೆಗಳ ದಾರಿಗೆ ನೇರ, ಅಂದು ಬಿಟ್ಟ ಜಾಗದಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದೆ. ಬಹಳ ಹೊತ್ತಿನ ಮೇಲೆ, ನನ್ನ ಕೂಗು ಕೇಳಿದ ಅಣ್ಣನ ಉತ್ತರ ಮಳೆಯೊಳಗಿಂದ ಬಂತು:

“ಹ್ವಾಯ್, ಕೇಂತ್ ಮಾರಾಯಾ! ಅಲ್ಲೇ ನಿಲ್, ಬತ್ತೆ!”